ಶರಣಮ್ಮನ ಹೆಸರಿನ ಮುಂದಿನ ಟಿ

ಟಿ ಅಂದರೆ ಏನೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ಹೇಳಿದೆ.

ತಪ್ಪು ಇಷ್ಟೇ. ಬರೆದು ನೋಡಿದರೆ ಒಂದು ಸಾಲೂ ಪೂರ್ತಿ ತುಂಬುವುದಿಲ್ಲ. ಕೊಲೆಯಲ್ಲ, ಕಳವಲ್ಲ — ಯಾವ ಠಾಣೆಯಲ್ಲೂ ಇದಕ್ಕೆ ಕಲಮು ಸಿಗಲಿಕ್ಕಿಲ್ಲ. ಆದರೆ ಆ ಒಂದು ಮಾತಿನಿಂದ ಒಬ್ಬ ಹುಡುಗಿ ತನ್ನ ಕೈಯಾರೆ ಗಳಿಸಿದ ಡಿಗ್ರಿ ಸೀಟು ಹೋಯಿತು. ಹೋದದ್ದು ತನ್ನದೇ ದಡ್ಡತನದಿಂದ ಎಂದು ಆಕೆ ಹತ್ತು ವರ್ಷ ನಂಬಿಕೊಂಡು ಬಂದಿದ್ದಾಳೆ. ನಾನು ಹಾಗೆ ನಂಬಲು ಬಿಟ್ಟೆ. ಯಾಕೆ ಎಂದು ಕೇಳಿದರೆ ಸುತ್ತಿ ಬಳಸಿ ಹೇಳುವುದೇನೂ ಇಲ್ಲ. ಹೊಟ್ಟೆಕಿಚ್ಚು. ಆ ಪದಕ್ಕೆ ಬೇರೆ ಮೆತ್ತನೆಯ ಹೆಸರು ಹುಡುಕಲು ಪ್ರಯತ್ನಿಸಿದ್ದೇನೆ — ಸಿಗಲಿಲ್ಲ.

ನಮ್ಮ ಮನೆ ಸನತ್‌ನಗರದ ಕಾರ್ಖಾನೆಗಳ ಹಿಂದಿನ ಸಾಲುಮನೆಗಳಲ್ಲಿ. ಅಪ್ಪ ಹುಮನಾಬಾದ್ ಕಡೆಯವನು. ವಾಲ್ವಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್ — ಲೇತ್ ಮಷೀನಿನ ಮುಂದೆ ನಿಂತು ಕಬ್ಬಿಣವನ್ನು ಅಳತೆಗೆ ತರುವ ಕೆಲಸ. ನಾನು ಜಯಶ್ರೀ, ಒಬ್ಬಳೇ ಮಗಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ತೆಲುಗು ಮತ್ತು ಇಂಗ್ಲಿಷು. ಹೈದರಾಬಾದಿನ ನಮ್ಮಂಥ ಮನೆಗಳ ಮಕ್ಕಳನ್ನು ಕನ್ನಡ ಬರುತ್ತದೆಯೇ ಎಂದು ಕೇಳಿ ನೋಡಿ, ಎಲ್ಲರದೂ ಒಂದೇ ಉತ್ತರ: ಮಾತಾಡುತ್ತೇವೆ, ಓದಲು ಬರುವುದಿಲ್ಲ. ನನ್ನ ಉತ್ತರವೂ ಅದೇ ಆಗಿತ್ತು, ಶರಣಮ್ಮ ಬರುವ ತನಕ.

ಶರಣಮ್ಮ ಸುರಪುರದ ಕಡೆಯ ಹಳ್ಳಿಯವಳು. ಅವಳ ಅಪ್ಪ ಮಲ್ಲಪ್ಪ ಜ್ವರದಲ್ಲಿ ತೀರಿಕೊಂಡ ಮೇಲೆ ತಾಯಿ ಭೀಮವ್ವ ಮಗಳನ್ನು ಕಟ್ಟಿಕೊಂಡು ಕಟ್ಟಡದ ಕೆಲಸಕ್ಕೆ ಇಲ್ಲಿಗೆ ಬಂದಳು. ನಮ್ಮ ಮನೆಯ ಎದುರಿಗೇ ಏಳುತ್ತಿದ್ದ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊತ್ತಳು. ಕಟ್ಟಡ ಮುಗಿದ ಮೇಲೆ ಅದರದೇ ಕಾವಲಿನ ಕೋಣೆಯಲ್ಲಿ ತಾಯಿ ಮಗಳು ಉಳಿದುಕೊಂಡರು. ಶರಣಮ್ಮನಿಗೆ ಆಗ ಹದಿಮೂರು, ನನಗೂ ಹದಿಮೂರು. ಎಂಟನೆಯ ತರಗತಿಗೆ ಅವಳನ್ನು ನಮ್ಮ ಶಾಲೆಗೇ ಸೇರಿಸಿದರು.

ಆ ಸೇರಿಸುವ ದಿನವೇ ಹೆಸರಿನ ಫಜೀತಿ ಆದದ್ದು. ಅವರ ಕಡೆ ಕಾಗದಪತ್ರದಲ್ಲಿ ಹೆಸರು ಬರೆಯುವ ರೀತಿ ಬೇರೆ. ಮೊದಲು ಮಗುವಿನ ಹೆಸರು, ಆಮೇಲೆ 'ತಂದೆ' ಎಂಬ ಪದ, ಆಮೇಲೆ ತಂದೆಯ ಹೆಸರು. ಅವಳ ಹಳ್ಳಿಯ ಶಾಲೆಯ ಟಿಸಿಯಲ್ಲಿ ಕನ್ನಡದಲ್ಲಿ 'ಶರಣಮ್ಮ ತಂದೆ ಮಲ್ಲಪ್ಪ' ಎಂದಿತ್ತು, ಅದರ ಕೆಳಗೆ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ನಮ್ಮ ಶಾಲೆಯ ಹೆಡ್‌ಮಾಸ್ಟರು ಆ ಇಂಗ್ಲಿಷ್ ಸಾಲನ್ನು ನೋಡಿದರು. ತೆಲುಗಿನವರಿಗೆ ಮನೆತನದ ಹೆಸರು ಮೊದಲು ಬರಬೇಕು. ನಡುವಿನ ಪದವೇ ಇವರ ಅಡ್ಡಹೆಸರು ಎಂದುಕೊಂಡು ಅದನ್ನು ಎತ್ತಿ ಮುಂದೆ ಕೂರಿಸಿ, ಇಂಗ್ಲಿಷಿನ ಡಿ ಅಕ್ಷರವನ್ನು ಡ ಎಂದೇ ಓದಿ, ರಿಜಿಸ್ಟರಿನಲ್ಲಿ 'ತಂಡೇ ಶರಣಮ್ಮ' ಎಂದು ಬರೆದರು. ಭೀಮವ್ವ ಹೆಬ್ಬೆಟ್ಟು ಒತ್ತಿದಳು. ಅಂದಿನಿಂದ ಹಾಜರಿಯಲ್ಲಿ ಅವಳು ಟಿ. ಶರಣಮ್ಮ, ಹತ್ತನೆಯ ತರಗತಿಯ ಮೆಮೋದಲ್ಲೂ, ಅಂದರೆ ಅಂಕಪಟ್ಟಿಯಲ್ಲೂ, ಅದೇ.

ಹಿಂದಿ ಮಾತಾಡುವ ಹುಡುಗಿಯರು ಅವಳನ್ನು 'ಏ ಠಂಡೇ', ಅಂದರೆ ಏ ತಣ್ಣಗಿನವಳೇ, ಎಂದು ಕರೆದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಒಮ್ಮೆ ನನಗೆ ಹೇಳಿದಳು, "ನಮ್ಮಪ್ಪ ಸತ್ತ ಮ್ಯಾಲೂ ಹೆಸರಿನ್ಯಾಗ ಜಾಗಾ ಬಿಟ್ಟಿಲ್ಲ ನೋಡ ಜಯಾ. ಹಿಂದ ಇದ್ದಾಂವ ಮುಂದ ಬಂದ ನಿಂತಾನ."

ನನಗೆ ಕನ್ನಡ ಓದಲು ಕಲಿಸಿದವಳು ಅವಳೇ. ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು, ಅವಳು ಊರಿನಿಂದ ತಂದಿದ್ದ ಏಳನೆಯ ತರಗತಿಯ ಪುಸ್ತಕ ಇಟ್ಟುಕೊಂಡು. ತೆಲುಗು ಅಕ್ಷರ ಬರುತ್ತಿದ್ದುದರಿಂದ ಕಷ್ಟವಾಗಲಿಲ್ಲ. ಆದರೆ ಮೊಟ್ಟಮೊದಲು ಅವಳು ನನ್ನಿಂದ ಓದಿಸಿದ್ದು ಆ ಪುಸ್ತಕವನ್ನಲ್ಲ — ಅವಳ ಹತ್ತಿರ ಉಳಿದಿದ್ದ ಆ ಟಿಸಿಯ ನಕಲಿನ ಮೇಲಿನ ಸಾಲನ್ನು. ಹೆಡ್‌ಮಾಸ್ಟರು ಎಲ್ಲಿ ಎಡವಿದರು ಎಂದು ತೋರಿಸಲು. ಅಂದರೆ ನಾನು ಈ ಜನ್ಮದಲ್ಲಿ ಕನ್ನಡದಲ್ಲಿ ಓದಿದ ಮೊದಲ ಪದ 'ಶರಣಮ್ಮ'. ಎರಡನೆಯ ಪದ 'ತಂದೆ'.

ಇನ್ನು ನನ್ನ ಹೊಟ್ಟೆಕಿಚ್ಚಿನ ವಿಷಯ. ಅದು ಒಂದೇ ದಿನ ಹುಟ್ಟಿದ್ದಲ್ಲ. ರವಿವಾರ ಅಪ್ಪ ಬಾಗಿಲ ಮುಂದೆ ಕಬ್ಬಿಣವನ್ನು ಕಚ್ಚಿ ಹಿಡಿಯುವ ಒಂದು ಸಣ್ಣ ವೈಸ್ ಇಟ್ಟುಕೊಂಡು ಏನಾದರೂ ಅರ ಹಾಕುತ್ತ ಕೂತಿರುತ್ತಿದ್ದ. ಶರಣಮ್ಮ ನಮ್ಮ ನಲ್ಲಿಗೆ ನೀರಿಗೆ ಬಂದವಳು ಕೊಡ ಕೆಳಗಿಟ್ಟು ನೋಡುತ್ತ ನಿಲ್ಲುತ್ತಿದ್ದಳು. ಕೊಡ ತುಂಬಿ ಹರಿದರೂ ನೋಡುತ್ತಲೇ ಇರುತ್ತಿದ್ದಳು. ಒಂದು ದಿನ ಅಪ್ಪ ಅರವನ್ನು ಅವಳ ಕೈಗೆ ಕೊಟ್ಟ. ಅಷ್ಟೇ. ಆಮೇಲೆ ಪ್ರತಿ ರವಿವಾರ ಅವಳಿಗೊಂದು ಮಣೆ ಹೊರಗೆ ಬೀಳತೊಡಗಿತು.

ನನಗೆ ಅಪ್ಪ ಎಂದೂ ಅರ ಕೊಟ್ಟವನಲ್ಲ. ನಾನು ಓದುವವಳು, ಬಿ.ಕಾಂ. ಮಾಡಿ ಫ್ಯಾನಿನ ಕೆಳಗೆ ಕೂರಬೇಕಾದವಳು — ಅದು ಅವನ ಪ್ರೀತಿ, ಈಗ ಅರ್ಥವಾಗುತ್ತದೆ. ಆಗ ನನಗೆ ಕಂಡದ್ದು ಇಷ್ಟೇ: ನನ್ನ ಅಪ್ಪನ ಪಕ್ಕದ ಮಣೆಯ ಮೇಲೆ ಬೇರೆಯವರ ಮಗಳು ಕೂತಿದ್ದಾಳೆ, ನಾನು ಒಳಗೆ ಪುಸ್ತಕ ಹಿಡಿದು ಕಿಟಕಿಯಿಂದ ನೋಡುತ್ತಿದ್ದೇನೆ.

ಅಪ್ಪನ ಹತ್ತಿರ ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಹಳೆಯ ವರ್ನಿಯರ್ ಇತ್ತು — ಕೂದಲೆಳೆಯಷ್ಟು ದಪ್ಪವನ್ನೂ ಅಳೆಯುವ ಉಕ್ಕಿನ ಅಳತೆಪಟ್ಟಿ. ಒಂದು ರವಿವಾರ ನಾನೇ ಹಟ ಹಿಡಿದು ಹೊರಗೆ ಹೋಗಿ ಕೂತೆ. ಅಪ್ಪ ನಕ್ಕು, ಒಂದು ಉಕ್ಕಿನ ಪಿನ್ನು ಕೊಟ್ಟು ಇಬ್ಬರೂ ಅಳೆಯಿರಿ ಎಂದ. ನಾನು ಅಳೆದು ಹನ್ನೆರಡೂವರೆ ಎಂದೆ. ಸರಿಯಾಗಿಯೇ ಓದಿದ್ದೆ. ಶರಣಮ್ಮ ಪಿನ್ನನ್ನು ಮುಟ್ಟಲೇ ಇಲ್ಲ. ಮೊದಲು ವರ್ನಿಯರಿನ ಬಾಯಿ ಪೂರ್ತಿ ಮುಚ್ಚಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು.

"ಕಾಕಾ, ಇದರ ಬಾಯಿ ಮುಚ್ಚಿದ್ರೂ ಸೊನ್ನಿಗೆ ಸೊನ್ನಿ ಕೂಡವಲ್ದು. ಒಂದೀಟ ಹೆಚ್ಚಿಗಿ ತೋರಸ್ತೈತಿ. ಅದನ್ನ ಕಳೀಬೇಕಲ್ರಿ?"

ಅಪ್ಪ ವರ್ನಿಯರನ್ನು ಅವಳ ಕೈಯಿಂದ ತೆಗೆದುಕೊಂಡು ಬಟ್ಟೆಯಲ್ಲಿ ಸುತ್ತಿದ. ಆಮೇಲೆ ನನ್ನ ಕಡೆ ನೋಡದೆ, ಒಳಗಿದ್ದ ಅವ್ವನಿಗೆ ಕೇಳುವಂತೆ ಹೇಳಿದ, "ಇಷ್ಟ ವರ್ಷದಾಗ ಶಾಪಿನ್ಯಾಗ ಒಬ್ಬ ಮಗನೂ ನನಗ ಇದನ್ನ ಕೇಳಿಲ್ಲ. ಕೈ ಐತಿ ಈಕಿಗೆ. ಕೈ ಅಷ್ಟ ಅಲ್ಲ, ಕಣ್ಣೂ ಐತಿ."

ಅವ್ವ ಆ ದಿನ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ, ಮೇಲೆ ಶೇಂಗಾ ಹಿಂಡಿ ಹಾಕಿದಳು. ನಾನು ಉಣ್ಣಲಿಲ್ಲ. ಹೊಟ್ಟೆನೋವು ಎಂದೆ — ಸುಳ್ಳಲ್ಲ ಬಿಡಿ, ನೋವು ಹೊಟ್ಟೆಯಲ್ಲಿಯೇ ಇತ್ತು.

ಇಂಟರ್, ಅಂದರೆ ಇಲ್ಲಿಯ ಪಿಯುಸಿ, ಮುಗಿದ ವರ್ಷ ಬಿ.ವೊಕ್. ಎಂಬ ಪದವನ್ನು ನಾನು ಮೊದಲು ಕೇಳಿದ್ದೇ ಶರಣಮ್ಮನ ಬಾಯಲ್ಲಿ. ಕೈಕೆಲಸವನ್ನೇ ಮೂರು ವರ್ಷ ಕಲಿಸಿ ಡಿಗ್ರಿ ಕೊಡುತ್ತಾರಂತೆ, ಲೇತು, ಮಿಲ್ಲಿಂಗು, ಕಂಪ್ಯೂಟರಿನ ಮಷೀನು, ಎಲ್ಲ. ಮೆಹದಿಪಟ್ಟಣದ ಆಚೆಗೆ ಒಂದು ಕಾಲೇಜು, ಇಪ್ಪತ್ತು ಸೀಟು. ಅವಳ ಕಣ್ಣು ಹೊಳೆಯುತ್ತಿತ್ತು. ಡಿಗ್ರಿ ಅಂದರೆ ಅವಳಿಗೆ ಬರೀ ಕಾಗದವಲ್ಲ. ಭೀಮವ್ವನ ತಲೆಯ ಮೇಲಿನ ಬುಟ್ಟಿ ತನ್ನ ತಲೆಗೆ ಬರದಂತೆ ತಡೆಯುವ ದಾರಿ ಅದೊಂದೇ ಎಂದು ಅವಳು ಲೆಕ್ಕ ಹಾಕಿದ್ದಳು. ನನಗೆ ಲೇತಿನ ಎಣ್ಣೆ ವಾಸನೆಯೇ ಆಗುತ್ತಿರಲಿಲ್ಲ. ಆದರೂ ಆ ಸಂಜೆಯೇ ಅಪ್ಪನಿಗೆ ಹೇಳಿದೆ, ನಾನೂ ಅದಕ್ಕೇ ಅರ್ಜಿ ಹಾಕುತ್ತೇನೆ. ಅಪ್ಪ ಬೇಡವೆನ್ನಲಿಲ್ಲ. ಖುಷಿಯನ್ನೂ ಪಡಲಿಲ್ಲ. ನೋಡು ನಿನ್ನ ಇಷ್ಟ, ಎಂದ.

ಇಬ್ಬರ ಅರ್ಜಿಯನ್ನೂ ನಾನೇ ತುಂಬಿದೆ, ಇಂಗ್ಲಿಷು ನನಗೆ ಚೆನ್ನಾಗಿ ಬರುತ್ತಿತ್ತಲ್ಲ. ಅವಳ ಹೆಸರಿನ ಖಾನೆಗೆ ಬಂದಾಗ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಮೆಮೋದಲ್ಲಿ 'ತಂಡೇ ಶರಣಮ್ಮ', ಊರಲ್ಲಿ ಮಾಡಿಸಿದ ಆಧಾರಿನಲ್ಲಿ 'ಶರಣಮ್ಮ ಮಲ್ಲಪ್ಪ', ಟಿಸಿಯಲ್ಲಿ ಮೂರೂ ಪದ. ಒಬ್ಬಳೇ ಹುಡುಗಿ, ಮೂರು ಹೆಸರು. ಕೇಳಿದರೆ ಹೇಳಿದರಾಯಿತು ಎಂದು ಮೆಮೋದಲ್ಲಿ ಇದ್ದ ಹಾಗೆಯೇ ಬರೆದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಟಿಯ ಕತೆ ನನಗಿಂತ ಚೆನ್ನಾಗಿ ಗೊತ್ತಿದ್ದವರು ಇಡೀ ಹೈದರಾಬಾದಿನಲ್ಲಿ ಅವಳ ಹೊರತು ಇನ್ನೊಬ್ಬರು ಇರಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಬೆಳಿಗ್ಗೆ ಅಪ್ಪ ಹಳದಿ ಬಟ್ಟೆಯ ಗಂಟು ತಂದ. ನಾನು ಕೈ ಚಾಚಿದೆ. ಅಪ್ಪ ಅದನ್ನು ಶರಣಮ್ಮನ ಕೈಯಲ್ಲಿ ಇಟ್ಟ. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಅದರ ದೋಷ ಗೊತ್ತಿದ್ದವಳ ಕೈಗೆ ಕೊಟ್ಟ, ಅಷ್ಟೆ. "ಅಲ್ಲಿ ಬ್ಯಾರೇದ್ದು ಕೊಟ್ರ ನಿನಗ ರೂಢಿ ಇರೂದಿಲ್ಲ," ಎಂದ. ನನ್ನ ಚಾಚಿದ ಕೈ ಹಾಗೆಯೇ ಇತ್ತು. ಯಾರೂ ನೋಡಲಿಲ್ಲ ಅಂದುಕೊಂಡೆ. ಶರಣಮ್ಮ ನೋಡಿದ್ದಳು — ಬಸ್ಸಿನಲ್ಲಿ ಗಂಟನ್ನು ನನ್ನ ಮಡಿಲಲ್ಲಿಟ್ಟು, ಇಬ್ಬರಿಗೂ ಇರಲಿ, ಎಂದಳು. ಅದು ಇನ್ನೂ ಉರಿಸಿತು. ಹೊಟ್ಟೆಕಿಚ್ಚಿನವರಿಗೆ ಎದುರಿನವರ ಒಳ್ಳೆಯತನದಷ್ಟು ಕೋಪ ತರಿಸುವುದು ಬೇರೊಂದಿಲ್ಲ.

ಪಟ್ಟಿ ಬಂತು. ಇಪ್ಪತ್ತರಲ್ಲಿ ಶರಣಮ್ಮ ಎರಡನೆಯವಳು. ನಾನು ಹದಿನೆಂಟು. ನೆನಪಿರಲಿ, ನನಗೂ ಸೀಟು ಸಿಕ್ಕಿತ್ತು. ಅವಳು ಬಿದ್ದರೆ ನನಗೆ ಸಿಗುವುದು ಏನೂ ಇರಲಿಲ್ಲ. ಆಸೆಗೆ ಬಿದ್ದು ಮಾಡಿದೆ ಎನ್ನಲೂ ನನಗೆ ದಾರಿಯಿಲ್ಲ.

ಅಪ್ಪ ಸಾಲುಮನೆಯ ಬಾಗಿಲು ಬಾಗಿಲಿಗೂ ಹೇಳಿ ಬಂದ. ನಾನು ಒಳಗಿನಿಂದ ಕೇಳಿಸಿಕೊಂಡೆ. "ನಮ್ಮ ಶರಣಿ ಎರಡನೇ ನಂಬರ ಬಂದಾಳ್ರಿ. ಜಯಾಂದೂ ಆತು."

ಜಯಾಂದೂ ಆತು. ಆ 'ಊ' ಒಂದು ಅಕ್ಷರ. ರೊಟ್ಟಿಯ ಜೊತೆಗೆ ಕೇಳದಿದ್ದರೂ ಬರುವ ಉಪ್ಪಿನಕಾಯಿಯಂತೆ ನಾನು ಆ ಮಾತಿನ ಕೊನೆಗೆ ಬಂದಿದ್ದೆ. ಎರಡು ದಿನ ಆ 'ಊ' ಕಿವಿಯಲ್ಲಿ ಕೂತಿತ್ತು. ಮೂರನೆಯ ದಿನ ಗುರುವಾರ — ಸರ್ಟಿಫಿಕೇಟು ತೋರಿಸುವ ದಿನ.

ಕಾಲೇಜಿನ ಆಫೀಸಿನಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ನನ್ನದು ಐದು ನಿಮಿಷದಲ್ಲಿ ಮುಗಿಯಿತು. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು ಶರಣಮ್ಮನಿಗೆ ಕಾದೆ. ಒಳಗಿನ ಮಾತು ಕೇಳಿಸುತ್ತಿತ್ತು. ಮೇಜಿನ ಹಿಂದೆ ನಡುವಯಸ್ಸಿನ ಮೇಡಂ, ಕೆಟ್ಟವರಲ್ಲ. ಮೂರು ಕಾಗದ ಪಕ್ಕಪಕ್ಕ ಇಟ್ಟುಕೊಂಡು, ಮೂವರು ಹುಡುಗಿಯರೋ ಒಬ್ಬಳೋ ಎಂದು ತಲೆ ಕೆಡಿಸಿಕೊಂಡಿದ್ದರು. ತಂಡೇ ನಿಮ್ಮ ಮನೆತನದ ಹೆಸರಾದರೆ ಆಧಾರಿನಲ್ಲಿ ಯಾಕಿಲ್ಲ ಎಂದು ತೆಲುಗಿನಲ್ಲಿ ಕೇಳಿದರು. ಶರಣಮ್ಮ ತನ್ನ ಹರಕು ಮುರುಕು ತೆಲುಗಿನಲ್ಲಿ, ಅದು ಮನೆತನವಲ್ಲ, ಕನ್ನಡದಲ್ಲಿ ತಂದೆ ಅಂದರೆ ನಾನ್ನ, ಅಪ್ಪ, ಎಂದು ಹೇಳಿದಳು. ಗಾಬರಿಯಲ್ಲಿ ಮಾತು ತೊದಲಿತು. ಮೇಡಂ ತಲೆಯಾಡಿಸಿದರು. ಹಾಗಿದ್ದರೆ ತೊಂದರೆಯೇ ಇಲ್ಲ, ಷರಾ ಬರೆಯುವ ಜಾಗದಲ್ಲಿ ಒಂದು ಸಾಲು ಬರೆದು ಸಹಿ ಹಾಕುತ್ತೇನೆ. ಆದರೆ ಬರೀ ನಿನ್ನ ಮಾತಿನ ಮೇಲೆ ಬರೆಯಲಾರೆ, ಕನ್ನಡ ಬರುವವರು ಇನ್ನೊಬ್ಬರು ಹೇಳಲಿ, ಎಂದರು. ಶರಣಮ್ಮನ ದನಿ ಒಮ್ಮೆಲೇ ಹಗುರಾಯಿತು. ನಮ್ಮ ಜಯಾ ಹೊರಗೇ ಇದ್ದಾಳೆ ಮೇಡಂ, ಕನ್ನಡದವಳೇ, ಎಂದಳು. ಮೇಡಂ ಅವಳನ್ನು ಆಧಾರಿನ ಝೆರಾಕ್ಸ್ ತರಲು ರಸ್ತೆಯ ಆಚೆಗೆ ಕಳಿಸಿದರು. ಹೋಗುವಾಗ ಅವಳು ನನ್ನ ಭುಜ ತಟ್ಟಿ, ಒಳಗ ಕರ್ಯಾಕತ್ತಾರ, ಹೋಗು, ಎಂದು ನಕ್ಕು ಹೋದಳು.

ಒಳಗೆ ಹೋದೆ. ಮೇಡಂ ಟಿಸಿಯನ್ನು ನನ್ನ ಕಡೆ ತಿರುಗಿಸಿ, ಆ ಸಾಲಿನ ಮೇಲೆ ಬೆರಳಿಟ್ಟರು.

"ಕನ್ನಡಂ ವಚ್ಚಾ ನೀಕು? ಇದಿ ಚದುವು."

ಕನ್ನಡ ಬರುತ್ತದಾ, ಇದನ್ನು ಓದು. ಮೂರು ಪದ. ಶರಣಮ್ಮ — ತಂದೆ — ಮಲ್ಲಪ್ಪ. ನನ್ನ ಮೆಟ್ಟಿಲು, ನನ್ನ ಮೊದಲ ಪಾಠ. ಅಪ್ಪನ ಕೈಯಿಂದ ಹಳದಿ ಗಂಟು ನನ್ನ ಕೈಯನ್ನು ದಾಟಿ ಹೋದದ್ದು ಕಂಡಿತು. ಜಯಾಂದೂ ಆತು ಎಂಬುದು ಕೇಳಿಸಿತು. ಯೋಚಿಸಿ ಹೇಳಿದೆನೆ? ಅಥವಾ ಬಾಯಿ ತಾನೇ — ಇಲ್ಲ, ಬಾಯಿಯ ಮೇಲೆ ಹಾಕುವುದು ಬೇಡ. ಯೋಚಿಸಿಯೇ ಹೇಳಿದೆ.

"ಮಾಟ್ಲಾಡತಾಂ ಮೇಡಂ. ಚದವಡಂ ರಾದು."

ಮಾತಾಡುತ್ತೇವೆ, ಓದಲು ಬರುವುದಿಲ್ಲ. ಹೈದರಾಬಾದಿನ ಯಾವ ಕನ್ನಡದ ಹುಡುಗಿಯ ಬಾಯಲ್ಲಾದರೂ ನಂಬುವಂಥ ಮಾತು. ಮೇಡಂ ನಂಬಿದರು. ಓದುವುದು ಬೇಡ, ತಂದೆ ಅಂದರೆ ನಾನ್ನ ಎನ್ನುತ್ತಾಳೆ ಅವಳು, ಹೌದೇ, ಅದನ್ನು ಹೇಳು, ಎಂದರು. ನೋಡಿ, ಎರಡನೆಯ ಅವಕಾಶವನ್ನೂ ಕೊಟ್ಟರು.

"ತೆಲೀದು ಮೇಡಂ. ಮೇಮು ಇಂಟ್ಲೋ ಅಪ್ಪಾ ಅಂಟಾಂ."

ಗೊತ್ತಿಲ್ಲ ಮೇಡಂ, ನಾವು ಮನೆಯಲ್ಲಿ ಅಪ್ಪಾ ಎನ್ನುತ್ತೇವೆ. ಎರಡನೆಯ ವಾಕ್ಯ ನಿಜ. ಸುಳ್ಳಿಗೆ ಒಂದು ನಿಜವನ್ನು ಕಾವಲು ಕೂರಿಸುವುದು ನನಗೆ ಯಾರು ಕಲಿಸಿದರೋ ತಿಳಿಯದು.

ಶರಣಮ್ಮ ಓಡಿ ಬಂದಳು, ಝೆರಾಕ್ಸ್ ಇನ್ನೂ ಬಿಸಿಯಾಗಿತ್ತು. ಮೇಡಂ ಅವಳ ಮುಖ ನೋಡದೆ, ಕೇಳಿದೆನಮ್ಮಾ, ಆಗುವುದಿಲ್ಲ, ನಿನ್ನ ಹಳ್ಳಿಯ ಶಾಲೆಯಿಂದ ಪತ್ರ ಬೇಕು, ಶನಿವಾರ ನಾಲ್ಕು ಗಂಟೆಯೊಳಗೆ, ಎಂದರು. ಹೊರಗೆ ಬಂದ ಮೇಲೆ ಶರಣಮ್ಮ ಕೇಳಿದಳು, ನಿನಗೆ ಕೇಳಿದರೇನು, ನೀನೇನು ಹೇಳಿದೆ. ಹೇಳಿದೆ, ನಂಬಲಿಲ್ಲ, ಎಂದೆ. ಕತ್ತಿಯನ್ನು ಒಮ್ಮೆ ಹಾಕಿದ್ದು ಸಾಲದೆಂದು ತಿರುವಿದ್ದು ಆಗಲೇ.

ಅವಳು ತಾಯಿಯನ್ನು ಕರೆದುಕೊಂಡು ಆ ಮಧ್ಯಾಹ್ನವೇ ಊರ ಬಸ್ಸು ಹತ್ತಿದಳು. ಶುಕ್ರವಾರ ಹಳ್ಳಿಯ ಹೆಡ್‌ಮಾಸ್ಟರು ತರಬೇತಿಗೆಂದು ಯಾದಗಿರಿಗೆ ಹೋಗಿದ್ದರಂತೆ. ಶನಿವಾರ ಅವರು ಬಂದು ಪತ್ರ ಬರೆದು ಸಹಿ ಹಾಕುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಇವರು ಹೈದರಾಬಾದ್ ಮುಟ್ಟಿದ್ದು ರವಿವಾರ.

ಆ ಎರಡು ದಿನ ನಾನು ಏನು ಮಾಡುತ್ತಿದ್ದೆ? ಒಂದು ಬಸ್ಸು ಹಿಡಿದು ಹೋಗಿ, ಮೇಡಂ, ಮೊನ್ನೆ ಸುಳ್ಳು ಹೇಳಿದೆ, ಅಂದರೆ ಮುಗಿಯುತ್ತಿತ್ತು. ಪೂರ್ತಿ ಎರಡು ದಿನ ಇತ್ತು. ನಾನು ಅವ್ವನ ಜೊತೆ ಹಿಮಾಯತ್‌ನಗರಕ್ಕೆ ಹೋಗಿ ಕಾಲೇಜಿಗೆ ಹಾಕಿಕೊಳ್ಳಲು ಚೂಡಿದಾರದ ಬಟ್ಟೆ ಆರಿಸಿದೆ. ಒಂದು ಹಸಿರು, ಒಂದು ನೇರಳೆ. ಬಣ್ಣ ಇನ್ನೂ ನೆನಪಿದೆ.

ಸೋಮವಾರ ಬೋರ್ಡಿನಲ್ಲಿ ಹೊಸ ಪಟ್ಟಿ ಇತ್ತು. ಎರಡನೆಯ ಹೆಸರು ಇರಲಿಲ್ಲ, ಉಳಿದವರೆಲ್ಲ ಒಂದೊಂದು ಮೇಲೆ ಸರಿದಿದ್ದರು. ನಾನು ಹದಿನೇಳಾಗಿದ್ದೆ.

ಆ ಸಂಜೆ ಶರಣಮ್ಮ ವರ್ನಿಯರನ್ನು ಹಿಂದಿರುಗಿಸಲು ಬಂದಳು. ಅಪ್ಪ ಸಿಟ್ಟಿನಿಂದ ಕುದಿಯುತ್ತಿದ್ದ. ನನ್ನ ಕಡೆ ತಿರುಗಿ, ನೀ ಅಲ್ಲೇ ಇದ್ದೆಲ್ಲ, ಹೇಳಬೇಕಿತ್ತಲ್ಲ, ಎಂದ. ಆಗ ಮಾತಾಡಿದವಳು ಶರಣಮ್ಮ.

"ಆಕಿಗೆ ಬೈಬ್ಯಾಡ್ರಿ ಕಾಕಾ. ಜಯಾ ಹೇಳ್ಯಾಳ. ಮೊದಲ ನಾನ ಸರಿ ಹೇಳಿಲ್ಲ, ನನ್ನ ತೆಲುಗು ಕೇಳಿ ಅವರಿಗೆ ಸಂಶೆ ಬಂತು. ತಪ್ಪು ನಂದ ಐತಿ."

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ: ಅಂದು ನನಗೆ ಮೊದಲು ಅನಿಸಿದ್ದು ಪಶ್ಚಾತ್ತಾಪವಲ್ಲ. ಸದ್ಯ, ಉಳಿದುಕೊಂಡೆ ಎಂಬ ನಿರಾಳ. ಪಶ್ಚಾತ್ತಾಪ ಬಹಳ ನಿಧಾನವಾಗಿ ಬಂತು, ಬಂದ ಮೇಲೆ ಹೋಗಲಿಲ್ಲ.

ಮುಂದಿನ ವರ್ಷ ಮತ್ತೆ ಹಾಕಿದರಾಯಿತು ಎಂದಿದ್ದಳು. ಆ ವರ್ಷ ಭೀಮವ್ವನ ಸೊಂಟ ಬಿತ್ತು. ಅಪ್ಪ ಶರಣಮ್ಮನನ್ನು ತಾನಿದ್ದ ಕಾರ್ಖಾನೆಗೆ ಸೇರಿಸಿದ, ಹೆಲ್ಪರ್ ಎಂದು. ಇವತ್ತು ಅಲ್ಲಿಗೆ ಬಂದಿರುವ ಕಂಪ್ಯೂಟರಿನ ಮಷೀನನ್ನು ನಡೆಸುವವಳು ಅವಳೇ. ಹೊಸದಾಗಿ ಡಿಗ್ರಿ ತೆಗೆದುಕೊಂಡು ಬರುವ ಹುಡುಗರಿಗೆ ಕೆಲಸ ಹೇಳಿಕೊಡುವವಳೂ ಅವಳೇ. ರಿಜಿಸ್ಟರಿನಲ್ಲಿ ಮಾತ್ರ ಈಗಲೂ ಹೆಲ್ಪರ್, ಯಾಕೆಂದರೆ ಕಾಗದ ಇಲ್ಲ. ಕಾಗದ ಇರುವವಳು ನಾನು. ಮೂರು ವರ್ಷ ಏಳುತ್ತ ಬೀಳುತ್ತ ಆ ಡಿಗ್ರಿ ಮುಗಿಸಿದೆ. ಆಮೇಲೆ ಲೇತನ್ನು ಒಂದು ದಿನವೂ ಮುಟ್ಟಿಲ್ಲ. ಬೇರೊಂದು ವೃತ್ತಿಪರ ಕಾಲೇಜಿನ ಪ್ರವೇಶದ ಮೇಜಿನಲ್ಲಿ ಕೂತಿದ್ದೇನೆ, ಫ್ಯಾನಿನ ಕೆಳಗೆ. ಅರ್ಜಿ ತುಂಬಿಸುವುದು, ಹೆಸರಿಗೆ ಹೆಸರು ತಾಳೆ ನೋಡುವುದು ನನ್ನ ಕೆಲಸ. ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನೆ ಹೇಳಿಲ್ಲ.

ಈ ವರ್ಷ ನಮ್ಮಲ್ಲಿ ಕೆಲಸದಲ್ಲಿರುವವರಿಗಾಗಿ ಸಂಜೆಯ ಬಿ.ವೊಕ್. ತರಗತಿ ಶುರುವಾಗುತ್ತಿದೆ, ವಯಸ್ಸಿನ ಮಿತಿ ಇಲ್ಲ. ಮೊನ್ನೆ ಶರಣಮ್ಮನ ಫೋನು ಬಂತು.

"ಜಯಾ, ಫಾರ್ಮ್ ನೀನ ತುಂಬಬೇಕ ನೋಡ. ನನ್ನ ಹೆಸರಿನ ರಾಮಾಯಣ ಬ್ಯಾರೆ ಯಾರಿಗೆ ಗೊತ್ತೈತಿ?"

ಹೂಂ ಅಂದೆ. ಗುರುವಾರ ಹನ್ನೊಂದಕ್ಕೆ ಬಾ ಎಂದೆ.

ನಿನ್ನೆ ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಈಗ ಅವನ ಕೈ ನಡುಗುತ್ತದೆ, ಚಹಾದ ಕಪ್ಪನ್ನೂ ಎರಡು ಕೈಯಲ್ಲಿ ಹಿಡಿಯುತ್ತಾನೆ. ಎಲ್ಲ ಕೇಳಿದ. ನನ್ನ ಚಾಚಿದ ಕೈಯ ಮಾತು ಬಂದಾಗ ಒಮ್ಮೆ ಕಣ್ಣೆತ್ತಿ ನೋಡಿದ, ಅದು ಅವನಿಗೆ ನೆನಪೇ ಇರಲಿಲ್ಲ. ಬೈಯುತ್ತಾನೆ ಎಂದು ಕಾದೆ. ಅವನು ಕೇಳಿದ್ದು ಒಂದೇ.

"ಆಕಿಗೆ ಗೊತ್ತೈತೇನು?"

ಇಲ್ಲ ಎಂದೆ.

"ಮತ್ತ ನನ್ನ ಮುಂದ ಯಾಕ ಹೇಳಾಕತ್ತಿ?"

ಅದಕ್ಕೇ ಇದನ್ನು ಬರೆದೆ. ಬಾಯಲ್ಲಿ ಹೇಳಲು ಹೋದರೆ ಅಳುತ್ತೇನೆ, ಅತ್ತರೆ ಅವಳು ಸಮಾಧಾನ ಮಾಡಲು ಬರುತ್ತಾಳೆ. ಅವಳಿಂದ ಅದೊಂದನ್ನು ತೆಗೆದುಕೊಳ್ಳುವುದು ನನಗೆ ಸಲ್ಲದು.

ಇನ್ನು ನಿನಗೇ ಹೇಳುತ್ತೇನೆ, ಶರಣಮ್ಮ. ಗುರುವಾರ ನೀನು ಬಂದಾಗ ಮೊದಲು ಈ ಹಾಳೆಗಳನ್ನು ನಿನ್ನ ಕೈಗೆ ಕೊಡುತ್ತೇನೆ, ಫಾರ್ಮು ಆಮೇಲೆ. ನಿನ್ನ ತೆಲುಗು ಸರಿಯಾಗಿಯೇ ಇತ್ತು. ತಪ್ಪು ನಿನ್ನದಲ್ಲ. ಓದಿದ ಮೇಲೆ ನೀನು ನನ್ನ ಮುಖ ನೋಡದೆ ಫಾರ್ಮನ್ನು ಪಕ್ಕದ ಮೇಜಿಗೆ ಒಯ್ದರೆ ಒಯ್ಯಿ, ನಾನು ತಡೆಯುವುದಿಲ್ಲ. ಅಲ್ಲಿಯೂ ಮೂರು ಕಾಗದ ಪಕ್ಕಪಕ್ಕ ಇಟ್ಟು ಟಿ ಅಂದರೆ ಏನು ಎಂದು ಕೇಳಿಯೇ ಕೇಳುತ್ತಾರೆ. ಕನ್ನಡ ಬರುವ ಇನ್ನೊಬ್ಬರು ಬೇಕು ಎನ್ನುತ್ತಾರೆ. ನನ್ನ ಮೇಜು ಬಿಟ್ಟು, ಹೊರಗೆ ಬಾಗಿಲ ಹತ್ತಿರದ ಬೆಂಚಿನಲ್ಲಿ ನಾನಿರುತ್ತೇನೆ. ನೀನು ಕರೆದರೂ ಸರಿ, ಕರೆಯದಿದ್ದರೂ ಸರಿ, ಎದ್ದು ಒಳಗೆ ಬಂದು ಹೇಳುತ್ತೇನೆ — ನನಗೆ ಕನ್ನಡ ಓದಲು ಬರುತ್ತದೆ ಮೇಡಂ, ಕಲಿಸಿದವಳು ಈಕೆಯೇ.